ಕರಡಿಯ ಎಡಮಗ್ಗುಲು ಬೋಳಾದದ್ದು

ನಮ್ಮ ಕೋಲಾರದ ಮ್ಯೂಸಿಯಂನಲ್ಲಿ ಒಂದು ಕರಡಿ ಇದೆ. ಸತ್ತು ಬಹಳ ವರ್ಷವಾಯಿತು. ಹೊಟ್ಟೆಯಲ್ಲಿ ಹುಲ್ಲು, ಕಣ್ಣಲ್ಲಿ ಗಾಜು. ಈಚೆಗೆ ಅದರ ಕೂದಲು ಉದುರತೊಡಗಿದೆ.

ಸತ್ತವರ ಕೂದಲು ಉದುರುತ್ತದೆಯೇ? ಬದುಕಿರುವವರದು ಉದುರುವುದನ್ನು ದಿನಾ ನೋಡುತ್ತೇನೆ (ಮುನಿಸಿಪಲ್ ಸಭೆಗೆ ಒಮ್ಮೆ ಹೋಗಿ, ನಿಮಗೂ ಕಾಣುತ್ತದೆ). ಆದರೆ ಸತ್ತ ಕರಡಿಗೆ ಯಾವ ಚಿಂತೆ? ಅದೂ ಎಡಮಗ್ಗುಲು ಮಾತ್ರ ಬೋಳು. ಬಲಮಗ್ಗುಲು ಟೇಕಲ್ ಬೆಟ್ಟದಲ್ಲಿ ಓಡಾಡುತ್ತಿದ್ದಾಗ ಹೇಗಿತ್ತೋ ಹಾಗೇ ದಟ್ಟ.

ಈ ಸಮಸ್ಯೆಯನ್ನು ನನ್ನ ಮನೆಗೆ ಹೊತ್ತು ತಂದವರು ಅನಂತರಾಮಯ್ಯ ಮೇಷ್ಟ್ರು. ಬೆಳಗ್ಗೆ ಬಂದರು. ಛತ್ರಿ ಮಡಿಸಲಿಲ್ಲ. ಕಾಫಿ ಬೇಡವೆಂದರು. ಮೇಷ್ಟ್ರು ಕಾಫಿ ಬೇಡ ಅಂದರೆ ವಿಷಯ ದೊಡ್ಡದು.

"ಏನಯ್ಯಾ, ಬೆಂಗಳೂರಿಗೆ ಹೋಗಿ ಡಿಬೇಟಿನಲ್ಲಿ ಕಪ್ಪು ಗೆದ್ದು ಬಂದೆ. ಪತ್ರಿಕೇಲಿ ವಾರವಾರ ಜೋಯಿಸರನ್ನ ಬೈತೀಯ. ಊರಿಗೆ ಉಪಯೋಗಕ್ಕೆ ಬರೋದು ಯಾವಾಗ?"

ಮೇಷ್ಟ್ರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ರಿಟೈರಾದ ಮೇಲೆ ಊರಿಗೊಂದು ಮ್ಯೂಸಿಯಂ ಬೇಕೆಂದು ಹಟ ಹಿಡಿದರು. ಒಂದು ಕಮಿಟಿ ಆಯಿತು. ಕಮಿಟಿ ಒಂದು ಗ್ರೂಪ್ ಫೋಟೋ ತೆಗೆಸಿಕೊಂಡು ವಿಶ್ರಾಂತಿಗೆ ಹೋಯಿತು. ಉಳಿದವರು ಮೇಷ್ಟ್ರು, ಮತ್ತೆ ಅಟೆಂಡರ್ ದಸ್ತಗೀರ್ ಸಾಬರು. ಇಬ್ಬರೂ ಸೇರಿ ಸರ್ಕಾರದ ಹಳೆಯ ಕಟ್ಟಡವೊಂದರಲ್ಲಿ ಮೂರು ಕೋಣೆ ತುಂಬಿಸಿದರು. ಮೊದಲ ಕೋಣೆ ಕಲೆ. ಎರಡನೆಯದು ಇತಿಹಾಸ. ಮೂರನೆಯದು ಪ್ರಕೃತಿ ವಿಜ್ಞಾನ.

ಕಲೆಯ ಕೋಣೆಯಲ್ಲಿ ಯಾರದೋ ಮನೆಯವರು ಕೊಟ್ಟ ಗಾಜಿನ ಚಿತ್ರಗಳು. ಒಂದರಲ್ಲಿ ಕೃಷ್ಣನ ಕೊಳಲು ಒಡೆದಿದೆ, ಆದರೂ ಊದುತ್ತಿದ್ದಾನೆ. ಇತಿಹಾಸದಲ್ಲಿ ಮುಳಬಾಗಿಲಿನ ಕಡೆ ಸಿಕ್ಕಿದ ಅರ್ಧ ಕತ್ತಿ, ಎರಡು ಫಿರಂಗಿ ಗುಂಡು, ಹೊಲದ ಬದುವಿನಿಂದ ಎತ್ತಿ ತಂದ ಒಂದು ವೀರಗಲ್ಲು. ವಿಜ್ಞಾನದಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿದ ನಾಗರಹಾವು, ರೇಷ್ಮೆಹುಳದ ಹುಟ್ಟಿನಿಂದ ಗೂಡಿನವರೆಗಿನ ಅವಸ್ಥೆಗಳು, ಚಿನ್ನವಿದೆ ಎಂದು ಚೀಟಿ ಅಂಟಿಸಿದ ಒಂದು ಬಿಳಿಕಲ್ಲು (ಚಿನ್ನ ಕಂಡವರು ಇದುವರೆಗೆ ಮೇಷ್ಟ್ರು ಒಬ್ಬರೇ). ಇವುಗಳ ನಡುವೆ, ಹಿಂಗಾಲಿನ ಮೇಲೆ ಎದ್ದು ನಿಂತು, ಬಾಯಿ ತೆರೆದು, ಕರಡಿ.

"ಕೂದಲು ಉದುರಿದರೆ ಉದುರಲಿ ಬಿಡಿ ಮೇಷ್ಟ್ರೇ," ಅಂದೆ. "ನುಸಿ ಹಿಡಿದಿರಬೇಕು."

"ನುಸಿ ಗುಳಿಗೆ ಇಟ್ಟು ಸಾಕಾಯ್ತು. ನುಸಿ ಎಡ ಬಲ ನೋಡಿ ತಿನ್ನುತ್ತೇನೋ? ಮಾತು ಅದಲ್ಲ. ಅಮಲ್ದಾರ್ರು ಬರ್ತಾರೆ."

ಆಗ ವಿಷಯ ಹೊರಗೆ ಬಂತು. ಯುದ್ಧ ಶುರುವಾದ ಮೇಲೆ ಊರಿನ ಪ್ರತಿಯೊಂದು ದೊಡ್ಡ ಕೋಣೆಯ ಮೇಲೂ ಅಮಲ್ದಾರರ ಕಣ್ಣು ಬಿದ್ದಿದೆಯಷ್ಟೆ. ರೈತರಿಂದ ವಸೂಲಾದ ಲೆವಿ ರಾಗಿ ಇಡಲು ಜಾಗ ಬೇಕು. ಅಮಲ್ದಾರರು ಮೇಷ್ಟ್ರಿಗೆ ಹೇಳಿ ಕಳಿಸಿದ್ದರು: 'ಮುಂದಿನ ತಿಂಗಳು ಬಂದು ನೋಡ್ತೀನಿ. ಜನ ಬರ್ತಾ ಇದ್ದು, ಸಾಮಾನು ನೆಟ್ಟಗಿದ್ರೆ ಮ್ಯೂಸಿಯಂ ಇರಲಿ. ಇಲ್ಲಾಂದ್ರೆ ರಾಗಿ ಬರುತ್ತೆ.'

"ಜನ ಬರ್ತಾರಾ?" ಅಂತ ಕೇಳಿದೆ.

"ಈಗೀಗ ತುಂಬಾ ಬರ್ತಾರೆ ಕಣೋ," ಅಂದರು ಮೇಷ್ಟ್ರು. ಮುಖ ಅರಳಿತು. "ಹುತ್ತೂರು, ನರಸಾಪುರ, ಮಾಲೂರು, ಎಲ್ಲೆಲ್ಲಿಂದಲೋ ಬರ್ತಾರೆ. ಮುಳಬಾಗಿಲಿನಿಂದ, ಪೆಟ್ರೋಲ್ ಇಲ್ಲ ಅಂತ ಇದ್ದಿಲಲ್ಲಿ ಓಡ್ಸೋ ಬಸ್ಸಲ್ಲಿ, ಮುಖ ಎಲ್ಲ ಮಸಿ ಮಾಡ್ಕೊಂಡು ಬರ್ತಾರೆ. ಹಳ್ಳಿ ಹೆಂಗಸರಿಗೆ ಈ ವಿಜ್ಞಾನದ ಆಸಕ್ತಿ ಎಲ್ಲಿತ್ತೋ ಏನೋ."

ನನಗೆ ಅಲ್ಲೇ ಅನುಮಾನ ಬಂತು. ಹಳ್ಳಿಯ ಹೆಂಗಸರು ಕೆಲಸ ಬಿಟ್ಟು ಪ್ರಕೃತಿ ವಿಜ್ಞಾನ ನೋಡಲು ಬರುತ್ತಾರೆಂದು ನಂಬಲು ಮೇಷ್ಟ್ರಷ್ಟು ಒಳ್ಳೆಯ ಮನಸ್ಸು ಬೇಕು. ನನಗಿಲ್ಲ.

ಮಾರನೆಯ ದಿನ ಮೂರನೆಯ ಕೋಣೆಯಲ್ಲಿ ಹಾವಿನ ಬಾಟಲಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಕರಡಿಯ ಪಕ್ಕ 'ಮುಟ್ಟಬೇಡಿ' ಎಂಬ ಬೋರ್ಡು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಇತ್ತು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಬಂದಳು, ಕಂಕುಳಲ್ಲಿ ಮಗು. ಬೋರ್ಡಿಗೆ ಕೈಮುಗಿದಳು. ಆಮೇಲೆ ಕರಡಿಯ ಎಡಪಕ್ಕೆಯಿಂದ ನಾಲ್ಕು ಕೂದಲು ಕಿತ್ತು ಸೆರಗಿಗೆ ಗಂಟು ಹಾಕಿದಳು. ಬಲಪಕ್ಕೆ ಗೋಡೆಗೆ ಒತ್ತಿಕೊಂಡಿದೆ, ಕೈ ಹೋಗುವುದಿಲ್ಲ. ನುಸಿಯ ರಹಸ್ಯ ಅಷ್ಟೇ.

ದಸ್ತಗೀರ್ ಸಾಬರನ್ನು ಕರೆದೆ. ಅವರು ಬಾಗಿಲ ಹತ್ತಿರ ನಿಂತು ಗೋಡೆಗೆ ಹೇಳುವವರ ಹಾಗೆ ಹೇಳಿದರು:

"ಕ್ಯಾ ಕರ್ನಾ ಸಾಬ್? ಮಗು ರಾತ್ರಿ ಬೆಚ್ಚುತ್ತೆ, ತಾಯತಕ್ಕೆ ಕರಡಿ ಕೂದ್ಲು ಬೇಕು ಅಂತಾರೆ. ಮೊದ್ಲು ಕರಡಿ ಆಡ್ಸೋರು ಬೀದಿಗೇ ಬರ್ತಿದ್ರು, ಕೊಡ್ತಿದ್ರು. ಈ ಜಂಗ್ ಬಂದ್ಮೇಲೆ ಮನುಷ್ಯರಿಗೇ ರಾಗಿ ಇಲ್ಲ, ಕರಡಿಗೆ ಎಲ್ಲಿಂದ? ಅವ್ರು ಬರೋದು ಬಂದ್ ಆಯ್ತು. ನಮ್ ಕರಡಿಗೆ ಊಟ ಬೇಡ. ಇಲ್ಲಿಗೇ ಬರ್ತಾರೆ. 'ನಕ್ಕೋ ಅಮ್ಮಾ, ಬೇಡ' ಅಂದ್ರೆ ಅಳ್ತಾರೆ. ಅಳೋ ಹೆಂಗಸ್ರ ಮುಂದೆ ನಾನ್ ಏನ್ ಮಾಡ್ಲಿ?"

"ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ?"

"ಅವ್ರು ಸೈನ್ಸ್ ನೋಡೋಕೆ ಬರ್ತಾರೆ ಅಂತ ಖುಷಿಯಾಗಿದ್ರು ಸಾಬ್."

ಆ ದಿನವೆಲ್ಲ ನೋಡಿದೆ. ಕೋಟೆಯ ಕಡೆಯ ಬುರ್ಖಾ ತಾಯಂದಿರು ಬಂದರು. ಗೌಡರ ಮನೆಯವರು ಬಂದರು. ರೆಡ್ಡಿಗಳ ಮನೆಯವರು ತೆಲುಗಿನಲ್ಲಿ ಮಾತಾಡಿಕೊಂಡು ಬಂದರು. ಹಿಂದೂ ಮುಸ್ಲಿಂ ಏಕತೆಯ ಮೇಲೆ ಎಷ್ಟು ಭಾಷಣ ಕೇಳಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ಈ ಕರಡಿಯ ಎಡಮಗ್ಗುಲಲ್ಲಿ.

ಮೇಷ್ಟ್ರಿಗೆ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡರು. ಅವರ ಸ್ಥಿತಿ ನೋಡಿ. ಜನರನ್ನು ತಡೆದರೆ ಕೋಣೆ ಖಾಲಿ, ಅಮಲ್ದಾರರು ರಾಗಿ ತರುತ್ತಾರೆ. ಬಿಟ್ಟರೆ ಕರಡಿ ಬೋಳು, ಸಾಮಾನು ನೆಟ್ಟಗಿಲ್ಲವೆಂದು ಅಮಲ್ದಾರರು ರಾಗಿ ತರುತ್ತಾರೆ. ಅತ್ತ ದರಿ, ಇತ್ತ ಪುಲಿ, ನಡುವೆ ಕರಡಿ.

"ಚಿಂತೆ ಬಿಡಿ. ನಾನು ಆ ಹೆಂಗಸರ ಜೊತೆ ವಾದ ಮಾಡ್ತೀನಿ," ಅಂದೆ.

ಓದುಗರೇ, ಈಗ ಹೇಳುತ್ತೇನೆ: ಹಾಗೆ ಎಲ್ಲೂ ಹೇಳಬೇಡಿ.

ಮೊದಲ ಎದುರಾಳಿಯಾಗಿ ಸಿಕ್ಕವರು ಹುತ್ತೂರಿನ ಪಾಪಮ್ಮ. ರೇಷ್ಮೆ ಸಾಕುವ ಮನೆಯವರು. ವಯಸ್ಸಾದ ಗಟ್ಟಿ ಹೆಂಗಸು, ಸೊಂಟಕ್ಕೆ ಸೆರಗು ಬಿಗಿದು, ಮೊಮ್ಮಗನ ಕೈ ಹಿಡಿದು ಬಂದಿದ್ದರು. ಎದುರಾಳಿಯನ್ನು ಅವನ ಬಾಯಿಂದಲೇ ಸೋಲಿಸಬೇಕು ಎಂಬುದು ಡಿಬೇಟಿನ ಮೊದಲ ಪಾಠ. ಪ್ರಶ್ನೆಯಿಂದಲೇ ಶುರುಮಾಡಿದೆ.

"ಅಮ್ಮಾ, ಇದು ಸತ್ತ ಕರಡಿ. ಗೊತ್ತಾ?"

"ಗೊತ್ತೈತೆ ಸಾಮಿ."

"ಒಳಗೆ ಬರೀ ಹುಲ್ಲು ತುಂಬಿದ್ದಾರೆ."

"ನಮ್ಮ ಹಸೀನ ಹೊಟ್ಟೇಲೂ ಹುಲ್ಲೇ ಇರೋದು. ಹಾಲು ಕೊಡಲ್ವಾ?"

ಮುಂದಿನ ಪಾಯಿಂಟಿಗೆ ಹಾರಿದೆ.

"ತನ್ನನ್ನೇ ಕಾಪಾಡಿಕೊಳ್ಳೋಕೆ ಆಗದ ಕರಡಿ ಇದು. ಯಾರೋ ಗುಂಡು ಹೊಡೆದ್ರು, ಸತ್ತೋಯ್ತು. ಇದು ನಿಮ್ಮ ಮೊಮ್ಮಗನ್ನ ಹೇಗೆ ಕಾಪಾಡುತ್ತೆ?"

ಪಾಪಮ್ಮ ಕರಡಿಯನ್ನು ಕೆಳಗಿಂದ ಮೇಲಕ್ಕೆ ನೋಡಿದರು. "ಸತ್ತು ಇಷ್ಟು ವರ್ಸ ಆದ್ರೂ ಬಿದ್ದಿಲ್ಲ ನೋಡಿ ಸಾಮಿ. ಬದುಕಿರೋ ಕರಡಿ ಹಿಂಗೆ ನಿಂತ್ಕಂತದಾ? ಕಾಲು ನೋಯಲ್ವಾ ಅದಕ್ಕೆ?"

ಹಿಂದೆ ನಿಂತಿದ್ದವರು ನಕ್ಕರು. ಮುಳಬಾಗಿಲಿನ ಕಡೆಯ ಒಬ್ಬ ಮುದುಕ ಪಕ್ಕದವನಿಗೆ, "ಪಾಪಂ, ಚದುವುಕುನ್ನಾಡು," ಅಂದ. ಪಾಪ, ಓದಿಕೊಂಡಿದ್ದಾನೆ ಎಂದು. ಕಾಯಿಲೆಯವನ ಬಗ್ಗೆ ಹೇಳುವ ದನಿಯಲ್ಲಿ.

ಕಾಲೇಜಿನಲ್ಲಿ ಇಂಥ ಹೊತ್ತಿಗೆ ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದರು. ಇಲ್ಲಿ ಯಾರೂ ಬಾರಿಸಲಿಲ್ಲ.

ಅಷ್ಟರಲ್ಲಿ ದಸ್ತಗೀರ್ ಸಾಬರು ತಮ್ಮ ಬುದ್ಧಿ ಓಡಿಸಿದ್ದರು. ಒಂದು ಹಳೆಯ ಕರಿ ಕಂಬಳಿ ತಂದರು. ಕುರುಬರು ನೇಯ್ದದ್ದು, ಒರಟು, ಕರಡಿ ಬಣ್ಣವೇ. ಬೋಳಾದ ಕಡೆ ಅಳತೆಗೆ ಕತ್ತರಿಸಿ ಹೊಲಿದರು. ಎಳೆಗಳನ್ನು ಬಾಚಣಿಗೆಯಲ್ಲಿ ಕೆದರಿದರು. ನಾಲ್ಕು ಹೆಜ್ಜೆ ಹಿಂದೆ ನಿಂತರೆ ನನಗೇ ಗೊತ್ತಾಗಲಿಲ್ಲ. ಮೇಷ್ಟ್ರು ಮಾತ್ರ, "ಇದು ಮೋಸ ಕಣೋ," ಅಂತ ಗೊಣಗಿದರು. "ಸ್ಪೆಸಿಮನ್‌ಗೆ ಕಂಬಳಿ ಹೊಲಿಯೋದು ಎಲ್ಲಾದ್ರೂ ಉಂಟಾ?" ಆದರೆ ಬಿಚ್ಚಿ ಅನ್ನಲಿಲ್ಲ.

ತಾಯಂದಿರು ಬರುತ್ತಲೇ ಇದ್ದರು. ಕೀಳುತ್ತಲೇ ಇದ್ದರು. ಈಗ ಕೈಗೆ ಬರುತ್ತಿದ್ದದ್ದು ಕರಡಿ ಕೂದಲಲ್ಲ, ಕುರಿ ಉಣ್ಣೆ.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಲ್ಯಾಬೊರೇಟರಿಯಲ್ಲಿ ಸಿಕ್ಕೀತು? ಅಷ್ಟು ಮಕ್ಕಳಿಗೆ ಕರಡಿ ಕೂದಲು, ಇಷ್ಟು ಮಕ್ಕಳಿಗೆ ಕಂಬಳಿ. ಯಾರದು ಯಾವುದೆಂದು ಅವರಿಗೇ ಗೊತ್ತಿಲ್ಲ. ಪಾಪಮ್ಮನ ಮೊಮ್ಮಗನಿಗೆ ಸಿಕ್ಕಿದ್ದೂ ಕಂಬಳಿಯೇ. (ಹುಲ್ಲು, ಹಸು ಎಂದೆಲ್ಲ ವಾದಿಸಿದ ದಿನ ಕಂಬಳಿ ಇನ್ನೂ ಹೊಲಿದಿರಲಿಲ್ಲವಲ್ಲ ಎನ್ನಬೇಡಿ. ಕಂಬಳಿ ಹೊಲಿದ ಮೇಲೆ ಅವರು ಎರಡನೆಯ ಸಲ ಬಂದಿದ್ದರು. ಮೊದಲ ಸಲ ಹುಡುಗ ಕರಡಿ ಕಂಡು ಅತ್ತು ರಂಪ ಮಾಡಿದ್ದರಿಂದ ಬರಿಗೈಯಲ್ಲಿ ಹೋಗಿದ್ದರು.)

ಸಂತೆಯ ದಿನ ಪಾಪಮ್ಮ ಮತ್ತೆ ಆ ಕಡೆ ಬಂದಾಗ ಕೇಳಿದೆ. "ಮೊಮ್ಮಗ ಹೇಗಿದ್ದಾನೆ?"

"ಬೆಚ್ಚೋದು ಬಿಟ್ಟವ್ನೆ ಸಾಮಿ. ಕಲ್ಲಿನಂಗೆ ಮಲಗ್ತಾನೆ."

ಕೋಣೆಯಲ್ಲಿ ಜನ ತುಂಬಿದ್ದರು. ಕುರ್ಚಿ ಹತ್ತಿದೆ. ಕಂಬಳಿಯ ಅಂಚು ಎತ್ತಿ ಹೊಲಿಗೆ ತೋರಿಸಿದೆ. "ನೀವು ಕಟ್ಟಿರೋದು ಕರಡಿ ಕೂದಲಲ್ಲ, ಕಂಬಳಿ ಎಳೆ. ಆದ್ರೂ ಮಗು ಮಲಗುತ್ತೆ. ಹಾಗಾದ್ರೆ ಕೂದಲಲ್ಲಿ ಶಕ್ತಿ ಇದೆಯೋ ಇಲ್ಲವೋ?"

ಒಬ್ಬಾಕೆ, "ಕರಡಿ ಮೈಮೇಲಿದ್ದ ಕಂಬಳಿ ಅಲ್ವಾ, ಅದಕ್ಕೂ ಬಂದಿರ್ತದೆ," ಅಂದಳು. ಅದಕ್ಕೆ ನಾನು ತಯಾರಾಗಿಯೇ ಬಂದಿದ್ದೆ. "ಹಾಗಾದ್ರೆ ಕರಡಿ ಒರಗಿರೋ ಗೋಡೆಗೂ ಬಂದಿರಬೇಕು. ಸುಣ್ಣ ಕೆರೆದು ಕಟ್ಟಿ. ದಿನಾ ಕರಡಿಯ ಧೂಳು ಒರೆಸೋ ದಸ್ತಗೀರ್ ಸಾಬರಿಗೂ ಬಂದಿರಬೇಕು. ಅವರ ಗಡ್ಡ ಕೀಳಿ."

ದಸ್ತಗೀರ್ ಸಾಬರು ಗಡ್ಡ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಹಿಂದೆ ನಿಂತಿದ್ದ ಒಬ್ಬ ರೈತ ನಿಧಾನವಾಗಿ ಬಾಯಿಬಿಟ್ಟ. "ಅಂದ್ರೆ ಕಂಬಳೀನೇ ಸಾಕು ಅನ್ನಿ."

"ಸಾಕು," ಅಂದೆ.

"ಅದು ನಮ್ಮನೇಲೇ ಐತೆ," ಅಂದ ಅವನು. ಜನ ತಲೆಯಾಡಿಸಿದರು. ಒಬ್ಬೊಬ್ಬರೇ ಹೊರಟರು.

ಕೋಲಾರದಲ್ಲಿ ನಾನು ಗೆದ್ದ ಮೊದಲ ವಾದ ಅದು. ಕಾಫಿ ಕ್ಲಬ್ಬಿನಲ್ಲಿ ಗೆಳೆಯರಿಗೆ ನಾನೇ ದೋಸೆ ಕೊಡಿಸಿದೆ.

ಮಾರನೆಯ ದಿನ ಮ್ಯೂಸಿಯಂಗೆ ಒಬ್ಬರೂ ಬರಲಿಲ್ಲ. ಅದರ ಮಾರನೆಯ ದಿನ ಒಂದು ನಾಯಿ ಬಂತು, ಕರಡಿಯನ್ನು ನೋಡಿ ಓಡಿಹೋಯಿತು. ಆ ವಾರವಿಡೀ ಅಷ್ಟೇ.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ರೇಷ್ಮೆಹುಳದ ಗಾಜಿನ ಪೆಟ್ಟಿಗೆ ಒರೆಸುತ್ತಾ ನಿಂತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ನೀನು ಹೇಳಿದ್ದು ಸರಿ ಕಣೋ," ಅಂದರು. "ನಾನೇ ಪಾಠ ಮಾಡಿದ್ದು. ಪ್ರಯೋಗ ಮಾಡು, ನೋಡು, ಹೇಳು ಅಂತ. ಸರಿಯಾಗೇ ಮಾಡಿದೀಯ." ಆಮೇಲೆ ಕಿಟಕಿಯ ಕಡೆ ತಿರುಗಿ, "ಅಮಲ್ದಾರ್ರು ಬಂದಾಗ ರಾಗಿ ಮೂಟೆ ಈ ಕಿಟಕಿ ಕಡೆ ಇಡಬೇಡಿ ಅನ್ನಬೇಕು. ಮಳೆ ನೀರು ಬರುತ್ತೆ," ಅಂದರು.

ಸೈಕಲ್ ಹತ್ತಿ ಹುತ್ತೂರಿಗೆ ಹೋದೆ. ಪಾಪಮ್ಮನ ಮನೆಯ ಒಳಗೆ ತಟ್ಟೆ ತಟ್ಟೆಯಾಗಿ ರೇಷ್ಮೆಹುಳ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ತುಂತುರು ಬಿದ್ದ ಹಾಗೆ. ಪಾಪಮ್ಮ ಕೈ ನಿಲ್ಲಿಸಲಿಲ್ಲ.

"ಕೂತ್ಕಳಿ ಸಾಮಿ. ಹುಳ ಈಗ್ತಾನೆ ಕಡೇ ಜ್ವರದಿಂದ ಎದ್ದೈತೆ, ಸೊಪ್ಪು ತಡ ಮಾಡಂಗಿಲ್ಲ." (ಹುಳ ಪೊರೆ ಬಿಡುವುದಕ್ಕೆ ಇವರು ಜ್ವರ ಅನ್ನುತ್ತಾರೆ. ನಾನು ಮೊದಲ ಸಲ ಕೇಳಿದಾಗ ಡಾಕ್ಟರನ್ನು ಕರೆಸಿದಿರಾ ಎಂದಿದ್ದೆ.)

"ಪಾಪಮ್ಮ, ಮ್ಯೂಸಿಯಂಗೆ ಯಾಕೆ ಯಾರೂ ಬರ್ತಿಲ್ಲ?"

"ನೀವೇ ಬೇಡ ಅಂದ್ರಲ್ಲ."

"ಕೂದಲು ಕೀಳಬೇಡಿ ಅಂದೆ. ಬರಬೇಡಿ ಅನ್ನಲಿಲ್ಲ. ನೋಡೋಕೆ ಇನ್ನೂ ಎಷ್ಟೋ ಇದೆ. ರೇಷ್ಮೆಹುಳ ಇದೆ."

ಪಾಪಮ್ಮ ಆಗ ಕೈ ನಿಲ್ಲಿಸಿದರು. ಸುತ್ತ ತಟ್ಟೆಗಳನ್ನು ನೋಡಿದರು. ನನ್ನನ್ನು ನೋಡಿದರು. ನಗಲಿಲ್ಲ, ಅವರ ಒಳ್ಳೆಯತನ.

"ವೀರಗಲ್ಲು ಇದೆ," ಅಂದೆ, ಸಣ್ಣ ದನಿಯಲ್ಲಿ.

"ನಮ್ಮ ಅಣ್ಣನ ಹೊಲದ ಬದೀಲಿತ್ತು. ಎತ್ಕೊಂಡೋಗಿ ನಮಗೇ ತೋರ್ಸ್ತೀರಾ? ಇರ್ಲಿ ಬಿಡಿ. ಕರಡಿ ನಮ್ಮ ಹತ್ರ ಇಲ್ಲ. ಅದಕ್ಕೆ ಬರ್ತಿದ್ವಿ." ಮತ್ತೆ ಸೊಪ್ಪು ಹರಡತೊಡಗಿದರು. "ನಿಮ್ಮನ್ನ ಊರೋರೆಲ್ಲ ಬೈತಾವ್ರೆ, ಗೊತ್ತಾ?"

"ನನ್ನನ್ನಾ? ಯಾಕೆ?"

"ನಿಮ್ಮ ಮಾತು ಕೇಳಿ ಪಕ್ಕದ ಮನೆಯೋರು ಕಂಬಳಿ ದಾರ ಕಟ್ಟಿದ್ರು. ಮಗು ಬೆಚ್ಚುತ್ತಲೇ ಐತೆ. ಆ ಕಡೆ ಬೀದೀಲೂ ಹಂಗೇ."

ನನಗೆ ಗಾಬರಿಯಾಯಿತು. ಮ್ಯೂಸಿಯಂನ ಕಂಬಳಿಗೆ ಮಗು ಮಲಗಿದೆ, ಮನೆಯ ಕಂಬಳಿಗೆ ಮಲಗುತ್ತಿಲ್ಲ. ಹಾಗಾದರೆ ನಾನು ಕುರ್ಚಿ ಹತ್ತಿ ಹೇಳಿದ್ದು? ಕರಡಿ ಮುಟ್ಟಿದ್ದಕ್ಕೆಲ್ಲ ಶಕ್ತಿ ಬರುತ್ತದೆ ಎಂದವಳೇ ಗೆದ್ದಳೇ? ದಸ್ತಗೀರ್ ಸಾಬರ ಗಡ್ಡ ಕಣ್ಣ ಮುಂದೆ ಬಂತು.

"ನಿಮ್ಮ ಮೊಮ್ಮಗನಿಗೆ ತಾಯತ ಕಟ್ಟಿದ ದಿನ ಏನಾಯ್ತು? ಮೊದಲಿಂದ ಹೇಳಿ."

"ಏನಾಯ್ತದೆ? ಬಾಗಿಲಲ್ಲಿ ಅತ್ತ. ಒಳಗೆ ಬಂದು ನನ್ನ ಸೀರೆ ಒಳಗೆ ಮುಖ ಇಟ್ಕಂಡ. ಆಮ್ಯಾಕೆ ಒಂದು ಕಣ್ಣಲ್ಲಿ ನೋಡ್ದ. ಅದು ಕಚ್ಚಲಿಲ್ಲ. ನಾನಂದೆ, ನೀನೇ ಕೀಳೋ ನನ್ನಪ್ಪ, ನನಗೆ ಸೊಂಟ ನೋವು ಅಂತ. ಕೈ ಇಟ್ಟ, ತಕ್ಕೊಂಡ. ಮತ್ತೆ ಇಟ್ಟ. ಕಿತ್ತೇಬಿಟ್ಟ." ಪಾಪಮ್ಮ ನಕ್ಕರು. "ಮನೆಗೆ ಬಂದು ಬೀದಿಯೆಲ್ಲ ಹೇಳ್ಕೊಂಡು ಬಂದ, ಕರಡಿ ಕೂದ್ಲು ಕಿತ್ತೆ ಅಂತ. ಎಮ್ಮೆಗೂ ಹೇಳ್ದ."

"ತಾಯಿಯೇ ಕಿತ್ತು ತಂದು ಕಟ್ಟಿದ ಮಕ್ಕಳು ಹೇಗಿದ್ದಾರೆ?"

"ನಮ್ಮ ಅತ್ತಿಗೆ ಮಗಳು ಹಂಗೇ ಕಟ್ಟಿದ್ಲು. ಮಗು ಮನೇಲೇ ಇತ್ತು. ಅದು ಇನ್ನೂ ಬೆಚ್ಚುತ್ತೆ. ಅದ್ಯಾಕೋ."

ಅದ್ಯಾಕೋ! ಎದ್ದು ನಿಂತುಬಿಟ್ಟೆ. ಕೂದಲಲ್ಲಿ ಏನೂ ಇಲ್ಲ. ಕಂಬಳಿಯಲ್ಲೂ ಇಲ್ಲ. ಕರಡಿಯಲ್ಲೂ ಇಲ್ಲ. ಬಾಯಿ ತೆರೆದು ನಿಂತ ಅಷ್ಟೆತ್ತರದ ಕರಡಿಯ ಮೈಗೆ ಕೈಹಾಕಿ ಕಿತ್ತು ಬಂದ ಮಗು ಕತ್ತಲಿಗೆ ಯಾಕೆ ಹೆದರುತ್ತದೆ? ಮನೆಯ ಕಂಬಳಿ ಕಿತ್ತರೆ ಯಾವ ಶೌರ್ಯ ಬಂತು? ನನ್ನ ವಾದ ಉಳಿಯಿತು. ಮ್ಯೂಸಿಯಂ ಕೂಡ ಉಳಿಯಬಹುದು ಅನ್ನಿಸಿತು.

"ಪಾಪಮ್ಮ, ಮಕ್ಕಳನ್ನ ಕರ್ಕೊಂಡು ಬನ್ನಿ. ಎಲ್ಲರಿಗೂ ಹೇಳಿ. ಮಕ್ಕಳೇ ಬರಬೇಕು, ಅವರೇ ಮುಟ್ಟಬೇಕು."

"ಕೀಳೋಕೆ ಬಿಡ್ತೀರಾ?"

ಅದು ನನ್ನ ಕೈಯಲ್ಲಿರಲಿಲ್ಲ.

ಮೇಷ್ಟ್ರು ಮೊದಲು ಒಪ್ಪಲಿಲ್ಲ. "ಮುಟ್ಟಿ ಕೀಳೋದಾದ್ರೆ ಅದು ಮ್ಯೂಸಿಯಂ ಅಲ್ಲ ಕಣೋ, ಸಂತೆ. ನೂರು ವರ್ಷ ಆದ್ಮೇಲೆ ಬರೋರಿಗೆ ಇದು ಹೀಗೇ ಉಳೀಬೇಕು ಅಂತ ತಾನೇ ಇಟ್ಟಿರೋದು?"

"ನೂರು ವರ್ಷದ ಮಾತಿರಲಿ ಮೇಷ್ಟ್ರೇ. ಬರೋ ವಾರ ರಾಗಿ ಬರುತ್ತೆ."

ಮೇಷ್ಟ್ರು ಕರಡಿಯ ಮುಂದೆ ಅತ್ತಿತ್ತ ನಡೆದರು. ಗೋಡೆಗೆ ಒತ್ತಿದ ಬಲಮಗ್ಗುಲನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಕುರ್ಚಿ ಎಳೆದು ಹತ್ತಿ, 'ಮುಟ್ಟಬೇಡಿ' ಬೋರ್ಡನ್ನು ಮೊಳೆಯಿಂದ ಬಿಚ್ಚಿದರು. "ಆ ಕಡೆ ವಿಜ್ಞಾನ. ಈ ಕಡೆ ಕಂಬಳಿ," ಅಂದರು. "ಕಂಬಳಿ ಅಂತ ಎಲ್ಲರಿಗೂ ಹೇಳೇ ಕೀಳಿಸಬೇಕು. ಸುಳ್ಳು ಬೇಡ. ದಸ್ತಗೀರ್, ವಾರಕ್ಕೊಂದ್ಸಲ ಹೊಲೀತೀಯೇನಪ್ಪಾ?"

"ಕಂಬಳಿ ತಂದ್ಕೊಡಿ. ಹೊಲೀತೀನಿ," ಅಂದರು ದಸ್ತಗೀರ್ ಸಾಬರು. "ಗಡ್ಡ ಮಾತ್ರ ಯಾರೂ ಮುಟ್ಟಂಗಿಲ್ಲ."

ಅಮಲ್ದಾರರು ಬಂದ ದಿನ ಸಾಲು ಮೆಟ್ಟಿಲಿನಿಂದ ಬೀದಿಗೆ ಇಳಿದಿತ್ತು. ಮಕ್ಕಳು ಒಬ್ಬೊಬ್ಬರೇ ಮುಂದೆ ಹೋಗುವುದು, ಅಳುವುದು, ಹಿಂದೆ ಬರುವುದು, ಮತ್ತೆ ಹೋಗುವುದು. ದಸ್ತಗೀರ್ ಸಾಬರು ಪ್ರತಿಯೊಬ್ಬರಿಗೂ, "ಇದು ಕಂಬಳಿ, ಕರಡಿ ಒಳಗೆ ಐತೆ," ಎಂದು ಘೋಷಿಸುತ್ತಿದ್ದರು. ಯಾರಿಗೂ ಅದರಿಂದ ಬೇಜಾರಾದಂತೆ ಕಾಣಲಿಲ್ಲ. ಹಲ್ಲು ಕಂಬಳಿಯದಲ್ಲವಲ್ಲ.

ಅಮಲ್ದಾರರು ಸೂಟು, ಜರಿ ಪೇಟ, ಬೆತ್ತದೊಂದಿಗೆ ಮೂರನೆಯ ಕೋಣೆಗೆ ಬಂದರು. ಬಾಗಿಲಲ್ಲಿ ಸ್ವಲ್ಪ ನಿಂತರು. ಸರ್ಕಾರಿ ಕೆಲಸದಲ್ಲಿ ಕರಡಿಯನ್ನು ಅಷ್ಟು ಹತ್ತಿರದಿಂದ ನೋಡುವ ಸಂದರ್ಭ ಬರುವುದಿಲ್ಲ. ಆಮೇಲೆ ಬೆತ್ತದ ತುದಿಯಿಂದ ಅದರ ಹೊಟ್ಟೆಯನ್ನು ತಿವಿದರು.

ಸಾಲಿನಲ್ಲಿ ಮುಂದೆ ನಿಂತಿದ್ದ ಒಂದು ಪುಟ್ಟ ಹುಡುಗಿ, "ಕೋಲಲ್ಲಲ್ಲ, ಕೈಯಲ್ಲಿ ಮುಟ್ಬೇಕು," ಅಂದಳು.

ಅಮಲ್ದಾರರು ಸುತ್ತ ನೋಡಿದರು. ಅಷ್ಟು ಜನ ರೈತರು, ಅಷ್ಟು ಜನ ತಾಯಂದಿರು. ಲೆವಿ ವಸೂಲಿಗೆ ನಾಳೆ ಇವರ ಮನೆ ಬಾಗಿಲಿಗೇ ಹೋಗಬೇಕು. ಬೆತ್ತವನ್ನು ಜವಾನನ ಕೈಗೆ ಕೊಟ್ಟು ಕೈ ಚಾಚಿದರು. ಬೆರಳು ತಾಕಿತು ತಾಕಲಿಲ್ಲ ಅನ್ನುವಾಗ ಹಿಂದೆ ತೆಗೆದುಕೊಂಡರು.

"ಇನ್ನೊಂದ್ಸಲ," ಅಂದಳು ಹುಡುಗಿ.

ಎರಡನೆಯ ಸಲ ಪೂರ್ತಿ ಇಟ್ಟರು. ಮುಖದ ಮೇಲೆ ಏನೋ ಸಡಿಲವಾಯಿತು. ಕಿತ್ತರೋ ಇಲ್ಲವೋ ನಾನು ನೋಡಲಿಲ್ಲ (ಪೇಟ ಅಡ್ಡವಿತ್ತು).

ತೀರ್ಪು ಅಲ್ಲೇ ಆಯಿತು. "ಮೇಷ್ಟ್ರೇ, ಈ ಕೋಣೆ ನೀವೇ ಇಟ್ಕೊಳ್ಳಿ. ಆ ಎರಡು ಕೋಣೇಲಿ ಒಂದು ನೊಣಾನೂ ಇಲ್ಲ. ಅಲ್ಲಿಗೆ ರಾಗಿ ಬರುತ್ತೆ."

ಈಗ ಕಲೆ, ಇತಿಹಾಸ, ವಿಜ್ಞಾನ ಮೂರೂ ಒಂದೇ ಕೋಣೆಯಲ್ಲಿವೆ. ಕರಡಿಯ ತಲೆಯ ಮೇಲೆ ಕೃಷ್ಣ ಒಡೆದ ಕೊಳಲು ಊದುತ್ತಿದ್ದಾನೆ. ವೀರಗಲ್ಲು ಸಾಲಿನ ಪಕ್ಕಕ್ಕೆ ಬಂದಿದೆ. ಸರದಿ ಕಾಯುವ ಮಕ್ಕಳಿಗೆ ಬೇರೆ ಕೆಲಸವಿಲ್ಲ, ಅದನ್ನೇ ನೋಡುತ್ತವೆ. ಈ ಕತ್ತಿ ಹಿಡಿದವನು ಯಾರು, ಯಾರ ಜೊತೆ ಜಗಳ, ಗೆದ್ದನಾ ಸೋತನಾ ಎಂದು ಕೇಳುತ್ತವೆ. ಮೇಷ್ಟ್ರು ಸಾಲಿನ ಉದ್ದಕ್ಕೂ ಓಡಾಡಿ ಉತ್ತರ ಹೇಳುತ್ತಾರೆ. ಎರಡು ಕೋಣೆ ಹೋದದ್ದಕ್ಕೆ ಅವರಿಗೆ ಸ್ವಲ್ಪ ದುಃಖವಿದೆ, ದುಃಖಪಡಲು ಪುರುಸೊತ್ತಿಲ್ಲ.

ಕಾಫಿ ಕ್ಲಬ್ಬಿನ ಗೆಳೆಯರು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಏನ್ಲಾ, ಕೊನೆಗೂ ಕರಡಿ ಪೂಜಾರಿ ಆಗ್ಬಿಟ್ಯಲ್ಲೋ," ಎಂದು ಒಬ್ಬ. "ಮಂಗಳಾರತಿ ಎಷ್ಟು ಹೊತ್ತಿಗೆ?" ಎಂದು ಇನ್ನೊಬ್ಬ. ಓದುಗರೇ, ಸುದ್ದಿ ಕೇಳಿ ನೀವೂ ಪತ್ರಿಕೆಗೆ ಇದೇ ಧಾಟಿಯಲ್ಲಿ ಬರೆದಿದ್ದೀರಿ. ವಿಚಾರವಾದಿ ಮೂಢನಂಬಿಕೆಗೆ ಶರಣಾದನಂತೆ.

ಇಲ್ಲ ಸ್ವಾಮಿ. ಕೂದಲಿನಲ್ಲಿ ಏನೂ ಇಲ್ಲ ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ, ಬೇಕಾದರೆ ಮತ್ತೆ ಕುರ್ಚಿ ಹತ್ತಿ ಹೇಳುತ್ತೇನೆ. ನನ್ನ ಪ್ರಶ್ನೆ ಒಂದೇ. ಆ ಕೂದಲನ್ನು ನಂಬಿದವರು ಮಕ್ಕಳನ್ನು ಹೊತ್ತು ಹುತ್ತೂರಿನಿಂದ ನಡೆದು ಬಂದು ಮ್ಯೂಸಿಯಂ ಉಳಿಸಿದರು. ಏನನ್ನೂ ನಂಬದ ನೀವು, ಇದೇ ಪೇಟೆಯಲ್ಲಿದ್ದುಕೊಂಡು, ಅದರ ಮೆಟ್ಟಿಲು ಹತ್ತಿದ್ದು ಯಾವತ್ತು?